ಹೊಳೆಗೆ ಕಾಲು ತಾಸು

ಅಂಗೈಯಲ್ಲಿದ್ದ ಗಡಿಯಾರ ತನ್ನದಲ್ಲ ಎಂಬುದು ಸುರಪುರ ಬಿಟ್ಟಾಗಿನಿಂದ ಅಯ್ಯಣ್ಣನನ್ನು ಕಾಡುತ್ತಿತ್ತು. ಹೊರಡುವಾಗ ತಪಾಸಣೆಯ ಅಧಿಕಾರಿ ವಹಾಬ ಸಾಹೇಬರು ಅದನ್ನು ಶೇರವಾನಿಯ ಜೇಬಿನಿಂದ ತೆಗೆದು, ಸರಪಳಿ ಸಮೇತ ಅವನ ಕೈಗಿಟ್ಟು, "ಇವತ್ತಿನ ಮಟ್ಟಿಗೆ ಇದೇ ಸರ್ಕಾರದ ಸಾಕ್ಷಿ. ಜ್ವಾಕಿ" ಎಂದಿದ್ದರು. ಕೆಲಸವೇನೂ ದೊಡ್ಡದಲ್ಲ. ಸುರಪುರದಿಂದ ಯಾದಗಿರಿಗೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವುದು, ನೋಡಿದ್ದನ್ನು ಬರೆಯುವುದು. ಯಾದಗಿರಿಯ ಕಚೇರಿಯಲ್ಲಿ ಎಂಟು ವರ್ಷದಿಂದ ನಕ್ಷೆ ಬರೆಯುತ್ತಿರುವ ಗುಮಾಸ್ತನಿಗೆ ಇದು ಎಡಗೈ ಕೆಲಸ. ಮುಂದಿನ ಸೀಟಿನಲ್ಲಿ ಸಾಹೇಬರು, ಅವರ ಪಕ್ಕ ಡ್ರೈವರ್ ಸುಲ್ತಾನಸಾಬ, ಹಿಂದಿನ ಸೀಟಿನಲ್ಲಿ ಅಯ್ಯಣ್ಣ, ಅವನ ಮಗ್ಗುಲಿಗೆ ಫಿರ್ಯಾದಿ ಮಹಾದೇವಪ್ಪ ಮಾಸ್ತರ. ಸರ್ವೀಸ್ ಬಸ್ಸು ಹೋಗುವಷ್ಟೇ ಸಾವಕಾಶ ಹೋಗಬೇಕೆಂದು ಸುಲ್ತಾನಸಾಬನಿಗೆ ಹುಕುಂ ಆಗಿತ್ತು. ಒಳ್ಳೆಯ ಮೋಟಾರನ್ನು ಹೀಗೆ ಕುಂಟಿಸುವುದು ಅವನ ಮರ್ಯಾದೆಗೆ ಒಗ್ಗದೆ, ಎತ್ತಿನ ಬಂಡಿಯೊಂದು ಮುಂದೆ ಹೋದಾಗಲೆಲ್ಲ ಗಂಟಲಲ್ಲೇ ಏನೋ ಗೊಣಗಿಕೊಳ್ಳುತ್ತಿದ್ದ.

ಆರು ತಿಂಗಳ ಹಿಂದೆ, ಮೃಗದ ಮಳೆ ಹಿಡಿದ ಹೊಸದರಲ್ಲಿ, ಮಾಸ್ತರರು ಹೆಂಡತಿ ಬಸ್ಸಮ್ಮನನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದರು. ಹೊಟ್ಟೆಯಲ್ಲಿ ಗಡ್ಡೆಯಾಗಿದೆ, ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಕೊಯ್ಯಬೇಕು, ತಡ ಮಾಡಬಾರದು ಎಂದು ಸುರಪುರದ ಡಾಕ್ಟರರು ಹೇಳಿದ್ದರು. ಯಾದಗಿರಿಯಲ್ಲಿ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಭೀಮಾ ಹೊಳೆಯ ದಂಡೆಗೆ ಸರಿಯಾದ ಹೊತ್ತಿಗೇ ಬಂದರು. ಆದರೆ ಅಂಬಿಗ ಮೌನಪ್ಪ ಅವರನ್ನು ದಾಟಿಸಿದ್ದು ನಾಲ್ಕೂವರೆ ತಾಸು ಕಳೆದ ಮೇಲೆ. ರೈಲು ಹೋಗಿತ್ತು. ಮುಂದಿನ ರೈಲು ಮರುದಿನಕ್ಕಿತ್ತು. ಬಸ್ಸಮ್ಮ ಅದನ್ನೂ ಕಾಯಲಿಲ್ಲ, ಸ್ಟೇಶನ್ನಿನ ಮುಸಾಫಿರಖಾನೆಯ ಬಾಕಿನ ಮೇಲೆ ಬೆಳಗಿನ ಜಾವ ತೀರಿಕೊಂಡಳು. ಮಾಸ್ತರರು ಹನ್ನೊಂದು ದಿನ ಸುಮ್ಮನಿದ್ದು ಹನ್ನೆರಡನೆಯ ದಿನ ಉರ್ದುವಿನಲ್ಲಿ ಅರ್ಜಿ ಬರೆದರು. ಈಗ ಅದರ ತಪಾಸಣೆ. ತಪ್ಪು ಅಂಬಿಗನದೆಂದು ಇತ್ಯರ್ಥವಾದರೆ ಅವನಿಗೆ ಜೇಲು, ಮೂರು ತಲೆಮಾರಿನಿಂದ ಅವನ ಮನೆಯಲ್ಲಿದ್ದ, ಹೊಳೆ ದಾಟಿಸುವ ಕಡವಿನ ಹಕ್ಕು ಇನ್ನೊಬ್ಬರ ಪಾಲು.

ಆ ಮೌನಪ್ಪ ಅಯ್ಯಣ್ಣನ ಒಡಹುಟ್ಟಿದ ಅಣ್ಣ. ಮೋಟಾರಿನಲ್ಲಿ ಕೂತ ನಾಲ್ವರಲ್ಲಿ ಅದು ಗೊತ್ತಿದ್ದವನು ಅಯ್ಯಣ್ಣ ಒಬ್ಬನೇ. ಕಚೇರಿಯ ದಾಖಲೆಯಲ್ಲಿ ಅವನು ಅಯ್ಯಣ್ಣ ಮುದನಾಳ, ಒಕ್ಕಲ ಮನೆತನದವನು. ಮುದನಾಳದಲ್ಲಿ ಅವನಿಗೆ ಒಂದು ಮಡಿ ಹೊಲವೂ ಇಲ್ಲ, ಸತ್ತ ದೂರದ ಸಂಬಂಧಿಯೂ ಇಲ್ಲ. ನೌಕರಿಗೆ ಸೇರುವ ದಿನ ಊರು ಯಾವುದೆಂದು ಕೇಳಿದ್ದಕ್ಕೆ ಹೊಳೆಯ ಹತ್ತಿರದ ಹಳ್ಳಿಯೊಂದರ ಹೆಸರು ಬಾಯಿಗೆ ಬಂದಿತ್ತು, ಜಾತಿ ಕೇಳಿದ್ದಕ್ಕೆ ಆ ಹಳ್ಳಿಗೆ ತಕ್ಕ ಜಾತಿ ಬಂದಿತ್ತು. ಮೊದಲ ಸುಳ್ಳಿಗೆ ಅಂಜಿಕೆ ಕಾರಣ. ಆಮೇಲೆ ಅದು ಮೈಗೆ ಒಗ್ಗಿಹೋಯಿತು, ಒಗೆದು ಒಗೆದು ಉಟ್ಟ ಧೋತರದ ಹಾಗೆ. ಅಣ್ಣ ಒಮ್ಮೆ ಕಚೇರಿಗೆ ಬಂದಿದ್ದ. ಅವ್ವ ಕೊಟ್ಟು ಕಳಿಸಿದ್ದಳೆಂದು ಹೆಗಲ ವಸ್ತ್ರದಲ್ಲಿ ಒಣ ಮೀನು ಕಟ್ಟಿಕೊಂಡು, ಕಟ್ಟೆಯ ಕೆಳಗೆ ನಿಂತು, ಯಾರನ್ನೂ ಕೇಳದೆ ಕಿಟಕಿಯಲ್ಲಿ ತಮ್ಮನ ಮುಖ ಹುಡುಕುತ್ತಿದ್ದ. ಯಾರದು ಎಂದು ಕಚೇರಿಯ ಹಿರಿಯ ಗುಮಾಸ್ತ ಪೇಷಕಾರ ಕೇಳಿದಾಗ ಅಯ್ಯಣ್ಣ, "ನಮ್ಮ ಕಡೆಯ ಒಬ್ಬ ಅಂಬಿಗರವ" ಎಂದ. ಕಿಟಕಿಗೆ ಗಾಜಿರಲಿಲ್ಲ, ಮಾತು ಹೊರಗೆ ಕೇಳಿಸಿತು. ಮೌನಪ್ಪ ಗಂಟನ್ನು ಕಟ್ಟೆಯ ಮೇಲಿಟ್ಟು, "ನಮಸ್ಕಾರ್ರಿ" ಎಂದು ಕೈ ಮುಗಿದು ಹೋದ. ಮತ್ತೆ ಬರಲಿಲ್ಲ. ಮೀನು ಪೇಷಕಾರನ ಮನೆಗೆ ಹೋಯಿತು.

"ವ್ಯಾಳ್ಯಾ ಎಷ್ಟಾತು?" ಎಂದರು ಸಾಹೇಬರು.

"ಏಳೂ ಹತ್ತು, ಸಾಹೇಬ್."

"ಲಿಖೋ."

ಅವನು ಬರೆದ. ಕಾಗದದ ತಲೆಯಲ್ಲಿ ಮೊದಲೇ ಬರೆದಿಟ್ಟದ್ದಿತ್ತು: ಸುರಪುರದಿಂದ ಯಾದಗಿರಿ, ಸಡಕಿನಿಂದ ಮೂವತ್ತಾರು ಮೈಲಿ, ಹವಾಯಿ ಫಾಸಲಾ, ಎಂದರೆ ಆಕಾಶದ ನೇರ ದೂರ, ಮೂವತ್ತು ಮೈಲಿ. ಈ ಎರಡನೆಯದು ತಪಾಸಣೆಗೆ ಬೇಕಿರಲಿಲ್ಲ, ಅದು ಸಾಹೇಬರ ಶೋಕಿ. ಹೈದರಾಬಾದಿನಲ್ಲಿ ಅವರು ಎರಡು ಸಲ ವಿಮಾನದಲ್ಲಿ ಕೂತಿದ್ದರು. ಅಂದಿನಿಂದ ನಕ್ಷೆ ಕಂಡಲ್ಲೆಲ್ಲ ಪಟ್ಟಿ ಇಟ್ಟು ಅಳೆಯುವ ಅಭ್ಯಾಸ ಬಿದ್ದಿತ್ತು. ಕಲಬುರ್ಗಿಯಲ್ಲಿ ಓದಿದ್ದರಿಂದ ಈ ಕಡೆಯ ಮಾತು ಚೆನ್ನಾಗಿ ಬರುತ್ತಿತ್ತು. ಒಳ್ಳೆಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಬಯ್ದವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಅಯ್ಯಣ್ಣನಿಗೆ ಅನಿಸಿತು.

"ಮ್ಯಾಲಿಂದ ನೋಡಿದ್ರ ಗುಡ್ಡ ಇಲ್ಲ, ಹೊಳಿ ಇಲ್ಲ, ಎಲ್ಲಾ ಒಂದು ಚಾದರ ಹಾಸಿದಂಗ ಅದ" ಎಂದು ಸಾಹೇಬರು ಹಿಂದೆ ತಿರುಗಿ ಮಾಸ್ತರರಿಗೆ ಹೇಳುತ್ತಿದ್ದರು. "ಸುರಪುರದಾಗ ವಿಮಾನದಾಗ ಕುಂತ್ರ ಯಾದಗಿರಿಗೆ ಕಾಲು ತಾಸು. ಒಂದು ಪಾನ್ ತಿಂದು ಮುಗಿಸೋದ್ರಾಗ ಇಳೀಬೇಕು."

ಮಾಸ್ತರರು ಪಾಠದ ನಡುವೆ ಅನುಮಾನ ಬಂದ ವಿದ್ಯಾರ್ಥಿಯ ಧ್ವನಿಯಲ್ಲಿ ಕೇಳಿದರು: "ಅದರಾಗ ಜಡ್ಡಿನವರನ್ನ ಕೂಡಿಸ್ಕೋತಾರೇನ್ರಿ?"

ಸಾಹೇಬರು ಮುಂದಕ್ಕೆ ತಿರುಗಿಕೊಂಡರು.

ಶಹಾಪುರಕ್ಕೆ ಬಂದಾಗ ಎಂಟಕ್ಕೆ ಐದು ನಿಮಿಷ. ಬಸ್ಸು ಇಲ್ಲಿ ಅರ್ಧ ತಾಸು ನಿಲ್ಲುತ್ತದಾದ್ದರಿಂದ ಅವರೂ ನಿಂತರು. ಮಾಸ್ತರರು ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, ಬಿಸಿಲಿಗೆ ಹಿಡಿದು, ತಮ್ಮಷ್ಟಕ್ಕೆ ಓದಿಕೊಂಡು, "ಎಂಟಕ್ಕ ಶಹಾಪುರ. ಬರಾಬರ್ ಬರದೀರಿ ನೋಡ್ರಿ, ಅಯ್ಯಣ್ಣ" ಎಂದರು. ಆ ಚೀಟಿಯನ್ನು ಅವರು ಅರ್ಜಿಯ ಜೊತೆ ನಕಲು ಮಾಡಿ ಕೊಟ್ಟು ಅಸಲನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಅಕ್ಷರ ಅಯ್ಯಣ್ಣನದು. ಆರಕ್ಕೆ ಸುರಪುರ, ಎಂಟಕ್ಕೆ ಶಹಾಪುರ, ಅಲ್ಲಿ ಅರ್ಧ ತಾಸು, ಒಂಬತ್ತೂ ಕಾಲಿಗೆ ದೋರನಹಳ್ಳಿ, ಹತ್ತೂವರೆಗೆ ಹೊಳೆ ದಂಡೆ, ಹೊಳೆಗೆ ಕಾಲು ತಾಸು, ಟಾಂಗಾಕ್ಕೆ ಮುಕ್ಕಾಲು ತಾಸು, ಹನ್ನೊಂದೂವರೆಗೆ ಸ್ಟೇಶನ್ನು. ಸಾಲಿನ ಕೆಳಗೆ ಸಾಲು, ಒಂದು ಚಿತ್ತಿಲ್ಲ, ಕಾಟಿಲ್ಲ. ಅಷ್ಟು ಚೊಕ್ಕಟವಾಗಿರುವುದಕ್ಕೆ ಕಾರಣ ಅದು ಎರಡನೆಯ ಪ್ರತಿ ಎಂಬುದು.

ಮೊದಲ ಪ್ರತಿಯಲ್ಲಿ ಇನ್ನೊಂದು ಸಾಲಿತ್ತು. ದಾರಿಗೆ ಹಿಡಿಯುವ ಹೊತ್ತು ಕೇಳಿ ಮಾಸ್ತರರ ಕಾಗದ ಬಂದ ದಿನ, ಊಟದ ಹೊತ್ತಿನಲ್ಲಿ, ಖಾಲಿ ಕಚೇರಿಯಲ್ಲಿ ಕೂತು ಅವನು ಬರೆದಿದ್ದ: 'ಮಳೆ ಹಿಡಿದಿದೆ. ಹೊಳೆಗೆ ಹೊಸ ನೀರು ಬಂದ ದಿನ ಹರಗೋಲು ನಡೆಯುವುದಿಲ್ಲ. ಎರಡು ದಿನ ಮೊದಲೇ ಹೊರಟುಬನ್ನಿರಿ.' ಬೇಸಿಗೆಯಲ್ಲಿ ಬತ್ತಿದ ಭೀಮೆಗೆ ಮೊದಲ ಕೆಂಪು ನೀರು ಬಂದ ದಿನ ಅಂಬಿಗರು ಹರಗೋಲುಗಳನ್ನೆಲ್ಲ ದಂಡೆಗೆಳೆದು ಬೋರಲು ಹಾಕುತ್ತಾರೆ. ಹೆಂಗಸರು ಹಸಿರು ಬಳೆ, ಖಣ, ಅರಿಸಿನ ಕುಂಕುಮ ಕೊಟ್ಟು ಗಂಗಮ್ಮನ ಉಡಿ ತುಂಬುತ್ತಾರೆ, ಮರುದಿನ ಹೊತ್ತು ಮೂಡುವವರೆಗೆ ಹುಟ್ಟು ನೀರಿಗೆ ತಾಗುವಂತಿಲ್ಲ. ಇದು ದಂಡೆಯ ಮೇಲಿನ ಹತ್ತು ಗುಡಿಸಲಿಗೆ ಗೊತ್ತಿರುವ ಮಾತು. ದೋರನಹಳ್ಳಿಯವರಿಗೆ ಅರ್ಧ ಗೊತ್ತು, ಸುರಪುರದವರಿಗೆ ಗೊತ್ತೇ ಇಲ್ಲ. ಬರೆದು, ಮತ್ತೊಮ್ಮೆ ಓದಿದಾಗ, ಇದನ್ನು ಓದಿದ ಮಾಸ್ತರರು ಕೇಳುವ ಪ್ರಶ್ನೆ ಅವನಿಗೆ ಕೇಳಿಸಿತು: ಅಂಬಿಗರ ಮನೆಯೊಳಗಿನ ಮಾತು ನಿಮಗೆ ಹೇಗೆ ಗೊತ್ತು? ಕೇಳುತ್ತಿದ್ದರೋ ಇಲ್ಲವೋ. ಕೇಳಿದ್ದರೆ ಉತ್ತರ ನೂರಿದ್ದವು. ಕಚೇರಿಯಲ್ಲಿ ಕೇಳಿದೆ ಎನ್ನಬಹುದಿತ್ತು, ಅಳತೆಯ ಪೈಮಾಯಿಷಿಗೆ ಹೋದಾಗ ತಿಳಿಯಿತು ಎನ್ನಬಹುದಿತ್ತು. ಆದರೆ ಸುಳ್ಳು ಹೇಳಿ ಬದುಕುವವನಿಗೆ ಒಂದು ರೋಗವಿರುತ್ತದೆ, ತನ್ನ ಗುಟ್ಟು ಎಲ್ಲರ ಕಣ್ಣಿಗೂ ಕಾಣುತ್ತಿದೆ ಎಂಬ ರೋಗ. ಕಾಗದ ಹರಿದ. ನೀರು ಇನ್ನೂ ಎಂಟು ದಿನ ಬರುವುದಿಲ್ಲ ಎಂದುಕೊಂಡ. ಬರುತ್ತದೆಂದು ಅವನ ಮೂಗಿಗೆ ಗೊತ್ತಿತ್ತು. ಅಂದು ಮುಂಜಾನೆಯೇ ಗಾಳಿಯಲ್ಲಿ ಆ ಕೆಸರಿನ ವಾಸನೆ ಬಂದಿತ್ತು.

ಸುರಪುರದಲ್ಲಿ ಅಳತೆಯ ಕೆಲಸದ ಮೇಲೆ ಎರಡು ವರ್ಷ ಇದ್ದಾಗ ಅವನು ಮಾಸ್ತರರ ಮನೆಯಲ್ಲಿ ಉಂಡವನು. ಪಡಸಾಲೆಯಲ್ಲಿ ಮಣೆ ಹಾಕಿ, ಮಾಸ್ತರರ ಎದುರಿಗೇ ಕೂಡಿಸಿ ಬಸ್ಸಮ್ಮ ಬಡಿಸುತ್ತಿದ್ದಳು. ಮಾಸ್ತರರು ಜಾತಿಯನ್ನು ಬೈದು ಭಾಷಣ ಮಾಡುವವರು, ಮಾಡುತ್ತಲೇ ಇದ್ದರು, ಆದರೆ ಅಂಚೆಯ ತಿಮ್ಮಣ್ಣ ಬಂದರೆ ಅವನಿಗೆ ನೀರು ಮೆಟ್ಟಿಲ ಕೆಳಗೆ, ಎತ್ತರದಿಂದ. ಅಯ್ಯಣ್ಣ ಬೊಗಸೆಯಲ್ಲಿ ನೀರು ಕುಡಿಯುವ ತಿಮ್ಮಣ್ಣನನ್ನು ನೋಡುತ್ತ ರೊಟ್ಟಿ ಮುರಿಯುತ್ತಿದ್ದ. ಗಂಟಲಲ್ಲಿ ಇಳಿಯುತ್ತಿತ್ತು, ಸಲೀಸಾಗಿಯೇ ಇಳಿಯುತ್ತಿತ್ತು. ಅದೇ ಅವನಿಗೆ ಈಗ ಹೇಸಿಗೆ. ಒಮ್ಮೆ ಬಸ್ಸಮ್ಮ, ಅವನು ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆಯುವುದನ್ನು ನೋಡಿ, "ಮಾಸ್ತರ ತೊಳಕೊಂಡ್ರ ನೆಲಾ ಎಲ್ಲಾ ಕೆಸರು, ನೀವು ತೊಳಕೊಂಡ್ರ ಒಂದು ಹನಿ ಚೆಲ್ಲಂಗಿಲ್ಲ, ನೀರಿನ ಕೂಡ ಭಾಳ ದೋಸ್ತಿ ಅದ ನಿಮಗ" ಎಂದು ನಕ್ಕಿದ್ದಳು. ಅವನು ಆ ರಾತ್ರಿ ಊಟಕ್ಕೆ ಹೋಗಿರಲಿಲ್ಲ.

"ನನ್ನ ಮನಸಿನಾಗ ಏನದ ಅಂದ್ರ," ಮಾಸ್ತರರು ಮೋಟಾರು ದೋರನಹಳ್ಳಿ ದಾಟುವಾಗ ಮೆಲ್ಲಗೆ ಅವನ ಕಡೆ ಬಾಗಿ ಹೇಳಿದರು, "ಅಕಸ್ಮಾತ್ ಆ ಅಂಬಿಗನ ಮನ್ಯಾಗೂ ಯಾರಾದ್ರೂ ಸತ್ತಿದ್ರ, ಅಥವಾ ಅವಗೇ ಜಡ್ಡಾಗಿದ್ರ, ನಾ ಅರ್ಜಿ ವಾಪಸ್ ತಗೋತಿದ್ದೆ. ಅವ ಏನೂ ಹೇಳಲಿಲ್ಲ. ಆಗಂಗಿಲ್ರಿ ಅಂದು ಹೊಳಿ ಕಡೆ ಮುಖಾ ಮಾಡಿ ಕುಂತ. ನಾ ಕಾಲು ಹಿಡದೆ, ಅಯ್ಯಣ್ಣ. ನಲವತ್ತು ವರ್ಷದ ಮಾಸ್ತರ ನಾ, ಅವನ ಕಾಲು ಹಿಡದೆ. ಒಂದು ಮಾತು ಯಾಕ ಅಂತ ಹೇಳಿದ್ರ ನನಗ ಸಾಕಾಗ್ತಿತ್ತು."

ಅಯ್ಯಣ್ಣ ತಲೆಯಾಡಿಸಿದ. ಈ ಆರು ತಿಂಗಳಲ್ಲಿ ಅವನು ಮಾಸ್ತರರ ಮುಂದೆ ಮಾಡಿದ್ದು ಇದೊಂದೇ ಕೆಲಸ. ಹೇಳಬೇಕಾದ ಮಾತು ಸಣ್ಣದು. ಅವನು ಹೇಳದೆ ಬಿಟ್ಟದ್ದನ್ನು ನಾನು ಬರೆಯದೆ ಬಿಟ್ಟೆ, ನಾವಿಬ್ಬರೂ ಒಂದೇ ಹೊಟ್ಟೆಯಿಂದ ಬಂದವರು. ಹೇಳಿದರೆ ಅಣ್ಣನ ಮೇಲಿನ ಗುನ್ಹೆ ಅರ್ಧ ಇಳಿಯುತ್ತಿತ್ತು. ತನ್ನ ನೌಕರಿ ಪೂರ್ತಿ ಹೋಗುತ್ತಿತ್ತು, ಸುಳ್ಳು ಜಾತಿ ಬರೆಸಿದ್ದಕ್ಕೆ. ಈ ಲೆಕ್ಕವನ್ನು ಅವನು ಎಷ್ಟು ಸಲ ಹಾಕಿದ್ದನೆಂದರೆ ಈಗ ಅದರಲ್ಲಿ ನೋವು ಉಳಿದಿರಲಿಲ್ಲ, ಬರಿಯ ಅಭ್ಯಾಸ ಉಳಿದಿತ್ತು.

ಹೊಳೆಯ ದಂಡೆಗೆ ಬಂದಾಗ ಹತ್ತೂ ಇಪ್ಪತ್ತು. ಮಾರ್ಗಶಿರದ ಭೀಮೆ ಹಸಿರಾಗಿ, ತೆಳ್ಳಗೆ, ಯಾವ ಪಾಪವನ್ನೂ ಅರಿಯದವಳ ಹಾಗೆ ಹರಿಯುತ್ತಿತ್ತು. ಇದನ್ನು ನೋಡಿದ ಯಾರೂ ಇಲ್ಲಿ ನಾಲ್ಕೂವರೆ ತಾಸು ನಿಲ್ಲಬೇಕಾಗುತ್ತದೆಂದು ನಂಬುವುದಿಲ್ಲ. ತಪಾಸಣೆಗೆ ಈ ದಿನವನ್ನು ಆರಿಸಿದವರಿಗೆ ಅದು ಹೊಳೆಯಲಿಲ್ಲ, ಹೊಳೆದಿದ್ದ ಗುಮಾಸ್ತ ಬಾಯಿ ಬಿಡಲಿಲ್ಲ. ಹರಗೋಲಿನ ಪಕ್ಕದಲ್ಲಿ ಮೌನಪ್ಪ ನಿಂತಿದ್ದ. ತಲೆಗೆ ವಸ್ತ್ರ ಸುತ್ತಿ, ಸಾಹೇಬರಿಗೆ ನೆಲ ಮುಟ್ಟಿ ಸಲಾಂ ಮಾಡಿದ, ಮಾಸ್ತರರಿಗೆ ಕೈ ಮುಗಿದ, ಅಯ್ಯಣ್ಣನಿಗೂ ಅಷ್ಟೇ ಕೈ ಮುಗಿದ. ಕಣ್ಣು ಮಾತ್ರ ತಮ್ಮನ ಅಂಗಿಯ ಗುಂಡಿಯ ಮೇಲೆ ನಿಂತಿತ್ತು, ಅಲ್ಲಿಂದ ಮೇಲೆ ಏರಲಿಲ್ಲ.

ಸಾಹೇಬರಿಗೆ ಹಸಿವಾಗಿತ್ತು. "ನಾಷ್ತಾ ಮಾಡೋಣು. ಇಷ್ಟು ಹೊತ್ತು ಲೆಕ್ಕಕ್ಕ ಹಿಡೀಬ್ಯಾಡ್ರಿ" ಎಂದರು. ಸುಲ್ತಾನಸಾಬ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿ ಡಬ್ಬಿ ಬಿಚ್ಚಿದ. ಮಾಸ್ತರರು ಕರೆದರೂ ಹೋಗಲಿಲ್ಲ. ಅಂದು ಹೆಂಡತಿಯನ್ನು ಮಲಗಿಸಿದ್ದ ಜಾಗ ಸ್ವಲ್ಪ ಮೇಲೆ, ಜಾಲಿಯ ಮರೆಯಲ್ಲಿತ್ತು; ಅತ್ತ ನಡೆದುಹೋದರು. ಲೆಕ್ಕಕ್ಕೆ ಹಿಡಿಯದ ಆ ಹೊತ್ತಿನಲ್ಲಿ ಅಣ್ಣ ತಮ್ಮ ಇಬ್ಬರೇ ಹರಗೋಲಿನ ಬಳಿ ಉಳಿದರು. ಮೌನಪ್ಪ ತೊಗಲಿನ ಹೊಲಿಗೆಯನ್ನು ಒತ್ತಿ ನೋಡುವ ನೆವದಲ್ಲಿ ಬಾಗಿ, ಆಚೆ ಮುಖ ಮಾಡಿಯೇ ಕೇಳಿದ:

"ನೀ ಏನರ ತಿಂದೀ?"

"ಇಲ್ಲ."

"ಅವ್ವ ರೊಟ್ಟಿ ಕಟ್ಟಿ ಕೊಟ್ಟಾಳ. ಆದ್ರ ನಿನಗ ಹೆಂಗ ಕೊಡ್ಲಿ."

ಅಯ್ಯಣ್ಣನಿಗೆ ಒಮ್ಮೆಲೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ಆವತ್ತ ಮಾಸ್ತರಗ ಹೊಸ ನೀರಿನ ಮಾತು ಯಾಕ ಹೇಳಲಿಲ್ಲ? ಬಾಯಿ ಬಿದ್ದಿತ್ತೇನು?"

"ಹೇಳಿ ಏನು ಉಪಯೋಗ ಇತ್ತು? ಹೆಣ್ತಿ ನರಳಾಕತ್ತಾಳ, ನಾ ಅವ್ರ ಮುಂದ ಉಡಿ ತುಂಬಬೇಕು, ಬಳಿ ಏರಿಸಬೇಕು ಅನ್ಲೇನು?" ಮೌನಪ್ಪ ಹೊಲಿಗೆಯ ಮೇಲಿನಿಂದ ಕೈ ತೆಗೆಯಲಿಲ್ಲ. "ಬರೀ ಪೂಜಿ ಮಾತಲ್ಲ ಅದು, ನಿನಗ ಗೊತ್ತದ. ಗಿಡದ ಬೊಡ್ಡಿ ಬರಾಕತ್ತಿದ್ವು, ಒಂದು ಎಮ್ಮಿ ಹೆಣ ಬಂತು. ಮುಂಜಾನಿ ಹಾಕಿದ್ರ ನಡು ಹೊಳ್ಯಾಗ ಮೂವರೂ ಹೋಗ್ತಿದ್ವಿ. ಮೂರರ ಮ್ಯಾಲ ಬೊಡ್ಡಿ ಕಡಿಮಿ ಆದ್ವು, ಆಗ ಹಾಕಿದೆ. ಒಬ್ಬಾಂವನೇ ಹಾಕಿದೆ."

"ಉಡಿ ತುಂಬಿದ್ರೇನು?"

"ಎಲ್ಲಿ? ಅದಕ್ಕ ಅಲ್ಲೇನು ನಮ್ಮ ಮಂದಿ ನನ್ನ ಕೂಡ ಉಣ್ಣಾದು ಬಿಟ್ಟಾರ. ಗುರಣ್ಣ ಕಾಕಾ ಮಗಳ ಲಗ್ನಕ್ಕ ಕರೀಲಿಲ್ಲ. ಅವ್ವಗ ಅದೇ ಚಿಂತಿ ಹತ್ತೇದ."

ಇದು ಅಯ್ಯಣ್ಣನಿಗೆ ಗೊತ್ತಿರಲಿಲ್ಲ. ತಡ ಮಾಡಿದ್ದಕ್ಕೆ ಸರ್ಕಾರ, ತಡ ಮಾಡದೆ ಇದ್ದದ್ದಕ್ಕೆ ಕುಲ, ಎರಡೂ ಕಡೆಯಿಂದ ಅಣ್ಣ ಗುನ್ಹೆಗಾರ. ನಡುವೆ ತಾನು ಚಿತ್ತಿಲ್ಲದ ಚೀಟಿ ಬರೆದವನು. "ನಾ ಸಾಹೇಬರ ಮುಂದ ಹೇಳಿಬಿಡ್ತೀನಿ, ಅಣ್ಣ" ಎಂದ. ಹೇಳುವಾಗ ಅದು ನಿಜವೇ ಅನಿಸಿತು. "ನನಗ ಗೊತ್ತಿತ್ತು, ನಾ ಬರೀಲಿಲ್ಲ ಅಂತ."

"ಯಾಕ ಬರೀಲಿಲ್ಲ?"

ಅಣ್ಣ ಈಗ ತಲೆಯೆತ್ತಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅಯ್ಯಣ್ಣ ಹೊಳೆಯನ್ನು ನೋಡಿದ, ಮೋಟಾರನ್ನು ನೋಡಿದ, ಕೈಯಲ್ಲಿದ್ದ ಗಡಿಯಾರವನ್ನು ನೋಡಿದ. ಉತ್ತರ ಇಬ್ಬರಿಗೂ ಗೊತ್ತಿತ್ತು.

"ಇರ್ಲಿ ಬಿಡು" ಎಂದ ಮೌನಪ್ಪ. ಹೇಳಬೇಕೋ ಬೇಡವೋ ಎಂಬಂತೆ ಶುರು ಮಾಡಿದ. "ಆ ತಾಯಿ ಜಾಲಿ ಬುಡದಾಗ ಮಲಗಿದ್ಲು. ಮಾಸ್ತರ ಬ್ಯಾರೆ ಹರಗೋಲ ಹುಡಕಾಕ ಆ ಕಡೆ ಹೋಗಿದ್ರು. ನೀರು ಕೇಳಿದ್ಲು. ನಮ್ಮ ತಂಬಗಿ, ಹೆಂಗ ಕೊಡ್ಲಿ ಅಂತ ನಿಂತೆ. ಕೊಡಪ್ಪಾ ಅಂದ್ಲು. ಕುಡದು ನನ್ನ ಮುಖಾನೇ ನೋಡಿದ್ಲು. ಅಯ್ಯಣ್ಣ ನಿನಗೇನಾಗಬೇಕು ಅಂದ್ಲು. ನಾ ತಂಬಗಿ ಇಸಕೊಂಡೆ. ಎರಡು ವರ್ಷ ನನ್ನ ಕೈಲೆ ಉಂಡಾನ, ನನಗ ತಿಳ್ಯಂಗಿಲ್ಲೇನು ಅಂದ್ಲು. ಮಾಸ್ತರ ಮುಂದ ಹೇಳಬ್ಯಾಡ, ಅವರಿಗೆ ತಡಕೊಳ್ಳಾಕ ಆಗಂಗಿಲ್ಲ ಅಂದ್ಲು."

ಅಯ್ಯಣ್ಣ ಹರಗೋಲಿನ ಅಂಚು ಹಿಡಿದುಕೊಂಡ. ಎರಡು ವರ್ಷ. ಯಾವಾಗಿನಿಂದ ಗೊತ್ತಿತ್ತು ಅವಳಿಗೆ? ಕೈ ತೊಳೆದ ದಿನದಿಂದಲೋ, ಮೊದಲ ದಿನದಿಂದಲೋ? ಗೊತ್ತಿದ್ದೂ ಅದೇ ಪಡಸಾಲೆ, ಅದೇ ಮಣೆ, ಎರಡನೆಯ ರೊಟ್ಟಿಯ ಮೇಲೆ ಕೇಳದೆ ಹಾಕುವ ಬೆಣ್ಣೆ. ಯಾರಿಂದ ಗುಟ್ಟನ್ನು ಮುಚ್ಚಲು ಅವನು ಆ ಸಾಲನ್ನು ಹರಿದನೋ ಆ ಮನೆಯಲ್ಲಿ ಗುಟ್ಟು ಆಗಲೇ ಒಲೆಯ ಪಕ್ಕ ಕೂತಿತ್ತು. ಅವಳು ಅದನ್ನು ಕಾಪಾಡಿದ್ದಳು. ಆ ಕಾಗದ ಮನೆಗೆ ಬಂದಿದ್ದರೆ, ಎರಡು ದಿನ ಮೊದಲೇ ಹೊರಡೋಣ ಎಂದು ಗಂಡನನ್ನು ಎಬ್ಬಿಸುತ್ತಿದ್ದವಳು ಅವಳೇ. ಅವನಿಗೆ ಅಳು ಬರಲಿಲ್ಲ. ಬಂದದ್ದು ನಾಚಿಕೆ. ಅವಳನ್ನು ಕೊಂದದ್ದು ತನ್ನ ಅಂಜಿಕೆ ಎಂದು ಅವನು ಮೊದಲ ಸಲ ಪೂರ್ತಿ ವಾಕ್ಯದಲ್ಲಿ ತನಗೆ ತಾನೇ ಹೇಳಿಕೊಂಡ.

"ಚಲೋ" ಎಂದರು ಸಾಹೇಬರು, ಕೈ ಒರೆಸಿಕೊಳ್ಳುತ್ತ ಬಂದು. "ಇಲ್ಲಿಂದ ಹಿಡೀರಿ."

ಹತ್ತೂ ಐವತ್ತಕ್ಕೆ ಹರಗೋಲು ದಂಡೆ ಬಿಟ್ಟಿತು. ಮೌನಪ್ಪ ಮಂಡಿಯೂರಿ ಹುಟ್ಟು ಹಾಕುತ್ತಿದ್ದ. ಬೆನ್ನು ಬಾಗಿ ಏಳುವ ಆ ಚಾಲು ಅಯ್ಯಣ್ಣನ ಮೈಗೆ ಗೊತ್ತಿತ್ತು. ಯಾದಗಿರಿಯ ಶಾಲೆಯಲ್ಲಿ ಕಲಿತಷ್ಟು ವರ್ಷವೂ ಶಹಾಪುರದ ಕಡೆಯ ದಂಡೆಯ ಗುಡಿಸಲಿನಿಂದ ಪಾಟಿ ಚೀಲ ತಲೆಯ ಮೇಲಿಟ್ಟುಕೊಂಡು ಇದೇ ಬೆನ್ನಿನ ಹಿಂದೆ ಕೂತು ದಾಟಿದ್ದ. ಆಗ ಅಣ್ಣನಿಗೆ ಹದಿನಾರು. ತಾನೂ ಸ್ವಲ್ಪ ಹುಟ್ಟು ಹಾಕುತ್ತೇನೆಂದರೆ, ಕೈ ಗಡಸಾದರೆ ಲೆಕ್ಕಣಿಕೆ ಹಿಡಿಯಲು ಬರುವುದಿಲ್ಲ ಎಂದು ಬಿಡುತ್ತಿರಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ಸಾಹೇಬರು ನೀರಿನಲ್ಲಿ ಬೆರಳಾಡಿಸುತ್ತ ನಡುನಡುವೆ, "ಎಷ್ಟಾತು?" ಎನ್ನುತ್ತಿದ್ದರು. ಆಚೆ ದಂಡೆಗೆ ಹರಗೋಲು ತಾಗಿದಾಗ ಹನ್ನೊಂದೂ ಐದು.

"ಕಾಲು ತಾಸು. ಬರಾಬರ್" ಎಂದರು ಸಾಹೇಬರು, ಮೆಚ್ಚುಗೆಯಿಂದ. "ಶಾಬಾಸ್ ಅಯ್ಯಣ್ಣ. ಒಂದು ಮಿನಿಟು ಹೆಚ್ಚಿಲ್ಲ, ಕಡಿಮಿಲ್ಲ. ನಿಮ್ಮ ಚೀಟಿ ನಕ್ಷಾದಂಗೇ ಅದ." ಅವರು ಮರಳಿನ ಮೇಲೆ ಒಂದು ಕಲ್ಲು ನೋಡಿ ಕೂತರು. ಅಯ್ಯಣ್ಣ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೆಳಗೆ ಕೂತ. ಮೌನಪ್ಪ ಎದುರಿಗೆ ನಿಂತ, ಮೊಣಕಾಲಿನಿಂದ ನೀರು ಇಳಿಯುತ್ತಿತ್ತು.

"ನೋಡಪ್ಪಾ," ಸಾಹೇಬರು ಗದರಿಸದೆ ಕೇಳಿದರು. "ಚೀಟ್ಯಾಗ ಕಾಲು ತಾಸು ಅದ. ಇವತ್ತೂ ಕಾಲು ತಾಸೇ ಆತು. ಆವತ್ತ ನಾಲ್ಕೂವರೆ ತಾಸು ಹೆಂಗಾತು? ಹೊಸ ನೀರಿನ ರಿವಾಜು ಒಂದದ ಅಂತ ದೋರನಹಳ್ಳ್ಯಾಗ ಯಾರೋ ಅಂದ್ರು. ಖರೆ ಏನು? ಖರೆ ಇದ್ರ ಹೇಳು. ರಿವಾಜು ಬಂದ್ ಮಾಡಸ್ಬೇಕಾಗ್ತದ, ನಿಮ್ಮ ಹತ್ತೂ ಮನಿಯಿಂದ ಕಡವು ತಗೊಂಡು ಬ್ಯಾರೆಯವರಿಗೆ ಕೊಡಬೇಕಾಗ್ತದ, ಅಷ್ಟೇ. ಆಗ ಇವರನ್ನೂ ಕೇಳಬೇಕಾಗ್ತದ," ಎಂದು ಅಯ್ಯಣ್ಣನ ಕಡೆ ನೋಡಿ ತಮಾಷೆಗೆ ನಕ್ಕರು, "ಮುದನಾಳದವರು, ಹೊಳಿ ಮಗ್ಗುಲಿನವರು, ನಿಮಗೂ ಗೊತ್ತಿರಲಿಲ್ಲೇನು, ಚೀಟ್ಯಾಗ ಯಾಕ ಬರೀಲಿಲ್ಲ ಅಂತ."

ಮಾಸ್ತರರು ಅಯ್ಯಣ್ಣನ ಮುಖ ನೋಡಿದರು. ಅನುಮಾನದಿಂದಲ್ಲ, ಇದೇನು ಕೇಳುತ್ತಾರೆ ನೋಡಿ ಎಂಬ ಸಲಿಗೆಯಿಂದ. ಬಾಯಿ ತೆರೆಯಲು ಇದೇ ಹೊತ್ತು. ಅಯ್ಯಣ್ಣ ಮಾತನ್ನು ನಾಲಿಗೆಯವರೆಗೆ ತಂದುಕೊಂಡ. 'ಗೊತ್ತಿತ್ತು ಸಾಹೇಬ್' ಎಂಬ ಎರಡು ಪದ. ಗಡಿಯಾರ ಅವನ ಕೈಯಲ್ಲೇ ಇತ್ತು, ಸೆಕೆಂಡಿನ ಸಣ್ಣ ಮುಳ್ಳು ತಿರುಗುತ್ತಿತ್ತು. ಅದು ಅರ್ಧ ಸುತ್ತು ಬಂದಾಗ ಹೇಳುತ್ತೇನೆ ಎಂದುಕೊಂಡ. ಅರ್ಧ ಸುತ್ತು ಬಂದಾಗ ಪೂರ್ತಿ ಬರಲಿ ಎಂದುಕೊಂಡ. ಅಣ್ಣ ತನ್ನ ಕಡೆ ನೋಡುತ್ತಿದ್ದಾನೆಂದು ಗೊತ್ತಿತ್ತು. ಅವನು ಗಡಿಯಾರದಿಂದ ಕಣ್ಣು ಕೀಳಲಿಲ್ಲ.

"ರಿವಾಜು ಗಿವಾಜು ಏನಿಲ್ರಿ, ಸರ್ಕಾರ" ಎಂದ ಮೌನಪ್ಪ. "ಚೀಟಿ ಬರಾಬರ್ ಅದ. ತಪ್ಪು ನಂದು. ಕುಡದಿದ್ದೆ."

"ಕುಡದಿದ್ದಿ?"

"ಹೌದ್ರಿ. ಸಿಂದಿ ಕುಡದು ಬಿದ್ದಿದ್ದೆ. ಎಚ್ಚರ ಆದ ಮ್ಯಾಲ ದಾಟಿಸಿದೆ."

ಅಣ್ಣ ತಮ್ಮಂದಿರ ಅಪ್ಪ ಸಿಂದಿ ಕುಡಿದು ಹರಗೋಲಿನಿಂದ ಬಿದ್ದು ಸತ್ತವನು. ಹೆಣ ಸಿಕ್ಕದ್ದು ಮೂರನೆಯ ದಿನ. ಅಂದಿನಿಂದ ಮೌನಪ್ಪ ಸಿಂದಿಯ ಅಂಗಡಿಯ ನೆರಳು ತುಳಿದವನಲ್ಲ, ಕುಡಿದವರನ್ನು ಹರಗೋಲಿಗೆ ಹತ್ತಿಸಿದವನೂ ಅಲ್ಲ. ಇದು ಆ ಮರಳಿನ ಮೇಲೆ ಕೇಳುತ್ತಿದ್ದವರಲ್ಲಿ ಒಬ್ಬನಿಗೆ ಗೊತ್ತಿತ್ತು, ಆ ಒಬ್ಬನ ಕೈಯಲ್ಲಿ ಲೆಕ್ಕಣಿಕೆ ಇತ್ತು. "ಲಿಖೋ" ಎಂದರು ಸಾಹೇಬರು, ಬೇಸರದಿಂದ ಮುಖ ತಿರುಗಿಸಿ. ಅಯ್ಯಣ್ಣ ಬರೆದ. ಅಕ್ಷರ ಎಂದಿನಂತೆ ದುಂಡಗೆ ಬಂದವು. ಮಾಸ್ತರರು ಅವನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. "ಕುಡದಿದ್ದನಂತ" ಎಂದರು, ಮತ್ತೆ ಅದನ್ನೇ ಎಂದರು, ಕಣ್ಣೊರೆಸಿಕೊಂಡರು. ಆರು ತಿಂಗಳಿಂದ ಹುಡುಕುತ್ತಿದ್ದ ಕಾರಣ ಅವರಿಗೆ ಕೊನೆಗೂ ಸಿಕ್ಕಿತ್ತು. ಅಯ್ಯಣ್ಣನಿಗೆ ಆದದ್ದು ನಿರಾಳ. ದುಃಖ, ನಾಚಿಕೆ, ಅಣ್ಣನ ಮೇಲಿನ ಮಮತೆ, ಎಲ್ಲವೂ ಆಮೇಲೆ ಬಂದವು. ಎಲ್ಲಕ್ಕಿಂತ ಮೊದಲು ಬಂದದ್ದು ನಿರಾಳ. ಅದು ಬಂದದ್ದನ್ನು ಅವನು ಕಣ್ಣಾರೆ ಕಂಡ, ಇನ್ನು ಬದುಕಿರುವವರೆಗೆ ಕಾಣದಿದ್ದಂತೆ ನಟಿಸುವಂತಿರಲಿಲ್ಲ.

"ಹೆಬ್ಬಟ್ಟು ತಗೋರಿ" ಎಂದರು ಸಾಹೇಬರು.

ಮೌನಪ್ಪ ಬಂದು ಮಂಡಿಯೂರಿ ಕೂತು ಬಲಗೈ ಚಾಚಿದ. ಅಯ್ಯಣ್ಣ ಆ ಕೈಯನ್ನು ಹಿಡಿದ. ಹಿಡಿದು ಎಷ್ಟು ವರ್ಷವಾಗಿತ್ತೋ. ತಣ್ಣಗಿತ್ತು, ಒದ್ದೆಯಾಗಿತ್ತು. ತನ್ನ ಧೋತರದ ಅಂಚಿನಿಂದ ಅದನ್ನು ಒರೆಸಿ, ಹೆಬ್ಬೆರಳಿಗೆ ಶಾಯಿ ಹಚ್ಚಿ, ಕಾಗದದ ಕೆಳಗೆ ಒತ್ತಿಸಿದ. ಎತ್ತಿ ನೋಡಿದರೆ ಬರಿಯ ಕಪ್ಪು ಕಲೆ, ಒಂದು ಗೆರೆಯೂ ಮೂಡಿರಲಿಲ್ಲ. ಇಪ್ಪತ್ತೈದು ವರ್ಷ ಹುಟ್ಟು ಹಿಡಿದ ಬೆರಳಲ್ಲಿ ಗೆರೆಗಳೆಲ್ಲ ಸವೆದುಹೋಗಿದ್ದವು. ಸಾಹೇಬರು ಬಾಗಿ ನೋಡಿ ತಲೆಯಾಡಿಸಿದರು. "ಇದು ನಡ್ಯಂಗಿಲ್ಲ. ಗುರ್ತು ಸಿಗಬೇಕು. ಇನ್ನೊಮ್ಮೆ ತಗೋರಿ, ಒತ್ತಿ." ಅಯ್ಯಣ್ಣ ಮತ್ತೆ ಶಾಯಿ ಹಚ್ಚಿ, ಅಣ್ಣನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಮೈಭಾರ ಬಿಟ್ಟು ಒತ್ತಿದ. ಉಗುರಿನ ಬುಡ ಬಿಳಿಚಿತು.

"ನೋವಾಗಾಕತ್ತದೇನು?" ಅವನಿಗೆ ತಿಳಿಯದೆಯೇ ಮಾತು ಬಾಯಿಂದ ಬಂತು, ಮನೆಯ ಧ್ವನಿಯಲ್ಲಿ.

ಮೌನಪ್ಪ ಒಂದು ಸಲ ಮಾಸ್ತರರ ಕಡೆ ನೋಡಿದ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, "ಇಲ್ರಿ ಸಾಹೇಬ್ರ. ನೀವು ಒತ್ರಿ" ಎಂದ.

ಅಯ್ಯಣ್ಣ ಒತ್ತಿದ.